ಚಂದ್ರವ್ವ ಗೌಂಡಿಯನ್ನು ಹಿಡಿದು ತಂದದ್ದು

ಬೆಟಗೇರಿಯ ನಮ್ಮ ಓಣಿಯಲ್ಲಿ ಚಂದ್ರವ್ವನನ್ನು ಜಾಣೆ ಎನ್ನದವರಿಲ್ಲ. ನಾನು ಈ ಮಾತನ್ನು ಅರ್ಧಕ್ಕೆ ಒಪ್ಪುತ್ತೇನೆ. ಆಕೆಯ ಕೈ ಜಾಣ ಕೈ. ನೂಲನ್ನು ಬೆರಳಲ್ಲಿ ಉಜ್ಜಿ, ಇದು ಬಣ್ಣ ಬಿಡುತ್ತದೆ, ಇದು ಬಿಡುವುದಿಲ್ಲ ಎಂದು ಹೇಳಿದರೆ ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೆ ನೂಲನ್ನು ಅಳೆಯುವ ರೀತಿಯಲ್ಲೇ ಮನುಷ್ಯರನ್ನೂ ಅಳೆಯಬಹುದೆಂದು ಆಕೆ ನಂಬಿದ್ದಳು. ಆ ನಂಬಿಕೆಯಿಂದಾಗಿ ಈಚಿನ ಒಂದು ಬೇಸಿಗೆಯಲ್ಲಿ ಆಕೆಯ ಮನೆಗೆ ಮಾಳಿಗೆಯೇ ಇಲ್ಲದಂತಾಯಿತು.

ಆಕೆಗೆ ಅರವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಮಗ ಮುತ್ತುರಾಜ ಗದಗಿನ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ವಿನ್ಯಾಸ ಮಾಡುತ್ತಾನೆ. ಮಗ್ಗದ ಕಡೆ ತಿರುಗಿಯೂ ನೋಡುವುದಿಲ್ಲ. ಓಣಿಯ ಹೆಚ್ಚಿನ ಮನೆಗಳಲ್ಲಿ ಮಗ್ಗ ಹೋಗಿ ಗ್ಯಾರೇಜು, ಮೊಬೈಲ್ ಅಂಗಡಿ, ಹೊಲಿಗೆ ಯಂತ್ರ ಬಂದಿವೆ. ಚಂದ್ರವ್ವನ ನಡುಮನೆಯಲ್ಲಿ ಮಾತ್ರ ಕುಣಿಮಗ್ಗ ಉಳಿದಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಇದನ್ನು ತ್ಯಾಗ, ಪರಂಪರೆ ಎಂದೆಲ್ಲ ಕರೆಯಬೇಕಾಗಿಲ್ಲ. ಆಕೆಗೆ ನೇಯಲು ಬರುತ್ತದೆ, ನೇಯ್ದ ಸೀರೆಗೆ ಗಿರಾಕಿಗಳಿದ್ದಾರೆ. ಅಷ್ಟೆ.

ಮನೆಯದು ಹಳೆಯ ಮಾಳಿಗೆ, ಅಂದರೆ ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಚಾವಣಿ. ಆ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ ಜಂತಿಯ ಸಂದಿಯಿಂದ ಒಂದು ಹೆಂಟೆ ಒದ್ದೆ ಮಣ್ಣು ನೇರವಾಗಿ ಮಗ್ಗದ ಮೇಲಿದ್ದ ಸೀರೆಯ ಸೆರಗಿಗೆ ಬಿತ್ತು. ಚಂದ್ರವ್ವ ಅಂದೇ ತೀರ್ಮಾನಿಸಿದಳು. ಮಾಳಿಗೆ ತೆಗೆಸುವುದು, ಕಬ್ಬಿಣದ ಪೈಪಿನ ಮೇಲೆ ಪತ್ರಾಸು, ಅಂದರೆ ತಗಡಿನ ಶೀಟು, ಹಾಕಿಸುವುದು. ಷರತ್ತು ಒಂದೇ: ಮಗ್ಗವನ್ನು ಅಲುಗಾಡಿಸಬಾರದು. ಮಗ್ಗಕ್ಕೆ ಹೊಸ ಹಾಸು ಏರಿಸಿ ಆಗಿತ್ತು. ಹಾಸು ಎಂದರೆ ಉದ್ದಕ್ಕೆ ಬಿಗಿದ ಎಳೆಗಳು. ಒಮ್ಮೆ ಬಿಗಿದರೆ ನೇಯ್ದು ಮುಗಿಸಿಯೇ ಇಳಿಸಬೇಕು. ನಡುವೆ ಬಿಚ್ಚಿದರೆ ಅಷ್ಟೂ ನೂಲು ಹಾಳು. ಅದು ಮಳೆಯಲ್ಲಿ ನೆನೆದರೆ ಗಂಜಿ ತೊಳೆದುಹೋಗಿ, ಎಳೆಗೆ ಎಳೆ ಅಂಟಿ, ಅದೂ ಹಾಳು. ಆದ್ದರಿಂದ ಜೂನ್ ಮೊದಲ ವಾರದ ಮಿರಗದ ಮಳೆ ಬೀಳುವುದರೊಳಗೆ ಮನೆಗೆ ಹೊಸ ತಲೆ ಬರಬೇಕಾಗಿತ್ತು.

ಗೌಂಡಿಯನ್ನು, ಅಂದರೆ ಮನೆ ಕಟ್ಟುವ ಮೇಸ್ತ್ರಿಯನ್ನು, ಆರಿಸಲು ಚಂದ್ರವ್ವ ಹಿಡಿದ ದಾರಿ ನೇಕಾರರ ಮನೆಯ ಹಳೆಯ ದಾರಿ. ಆಕೆಯ ಅತ್ತೆಯ ಕಾಲದಲ್ಲಿ ಕನ್ಯೆ ನೋಡಲು ಹೋದವರು ಹುಡುಗಿಯ ಕೈಗೆ ಒಂದು ಸಿಕ್ಕುಬಿದ್ದ ನೂಲಿನ ಲಡಿ ಕೊಡುತ್ತಿದ್ದರು. ಜಗ್ಗಿ ಎಳೆದವಳು ಸಿಟ್ಟಿನವಳು. ಕತ್ತರಿ ಕೇಳಿದವಳು ಮನೆ ಒಡೆಯುವವಳು. ತುದಿ ಹುಡುಕಿ ಮೆಲ್ಲಗೆ ಬಿಡಿಸಿದವಳನ್ನು ಮನೆ ತುಂಬಿಸಿಕೊಳ್ಳುತ್ತಿದ್ದರು. ಚಂದ್ರವ್ವ ಈ ಮನೆಗೆ ಬಂದದ್ದು ಹಾಗೆಯೇ. ಆಕೆ ಅದೇ ಪರೀಕ್ಷೆಯನ್ನು ಗೌಂಡಿಗಳಿಗೆ ಇಟ್ಟಳು.

ಮುತ್ತುರಾಜ ತಲೆ ಚಚ್ಚಿಕೊಂಡ. “ಯವ್ವಾ, ಅವರೇನು ನಿನ್ನ ಸೊಸಿ ಆಗಾಕ ಬರಾಕತ್ತಾರೇನು?”

“ಸೊಸಿಗಿಂತ ಹೆಚ್ಚಲೇ. ಸೊಸಿ ಮನ್ಯಾಗ ಇರ್ತಾಳ, ಗೌಂಡಿ ಮನಿ ತೆಲಿ ಮ್ಯಾಲ ಇರ್ತಾನ.”

ಮೊದಲು ಬಂದವನು ಲಡಿಯನ್ನು ಎರಡೂ ಕೈಯಿಂದ ಜಗ್ಗಿದ. ಎರಡನೆಯವನು, “ಇದನ್ನ ಒಗದ ಬಿಡ್ರಿ, ಪ್ಯಾಟ್ಯಾಗ ಹೊಸಾದು ಸಿಗತೈತಿ,” ಎಂದ. ಮೂರನೆಯವನು ಪ್ರಲ್ಹಾದ. ನಲವತ್ತರ ಆಚೀಚೆ, ದುಂಡು ಮುಖ, ನಕ್ಕರೆ ಎದುರಿಗಿದ್ದವರೂ ನಗಬೇಕು. ಅವನು ಕಟ್ಟೆಯ ಮೇಲೆ ಕೂತು, ಲಡಿಯನ್ನು ಮೊಣಕಾಲಿಗೆ ಹಾಕಿಕೊಂಡು, ಚಹಾ ಕುಡಿಯುತ್ತ, ಓಣಿಯ ಸುದ್ದಿ ಕೇಳುತ್ತ, ಸಿಕ್ಕನ್ನು ಬಿಡಿಸಿ, ನೂಲನ್ನು ಉಂಡೆ ಸುತ್ತಿ ಚಂದ್ರವ್ವನ ಕೈಗಿಟ್ಟ. ಆಕೆಗೆ ಕಣ್ಣು ತುಂಬಿ ಬಂದವಂತೆ. ನೀನು ಯಾವ ಯಾವ ಮನೆ ಕಟ್ಟಿದ್ದೀಯಪ್ಪ, ಆ ಮನೆಯವರು ಏನೆನ್ನುತ್ತಾರೆ, ಈಗ ನಿನ್ನ ಕೈಯಲ್ಲಿ ಎಷ್ಟು ಕೆಲಸಗಳಿವೆ ಎಂದು ಕೇಳುವುದು ಹೊಳೆಯಲಿಲ್ಲ. ಮನೆ ರಿಪೇರಿಗೆ ಇಳಿಯುವ ಯಾರೇ ಆದರೂ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಕೆಲಸ ಪ್ರಲ್ಹಾದನಿಗೆ ಹೋಯಿತು.

ಅವನು ಮರುದಿನವೇ ಆಳುಗಳೊಂದಿಗೆ ಬಂದ. ಕಾಯಿ ಒಡೆದ, ಪೇಢೆ ಹಂಚಿದ. ಮಗ್ಗದ ಮೇಲೆ ಕೌದಿ, ಕೌದಿಯ ಮೇಲೆ ತಾಡಪತ್ರಿ ಹೊದಿಸಿ, ಜಯಕಾರ ಹಾಕಿ ಮಾಳಿಗೆ ಏರಿದ. ಹೊತ್ತು ಮುಳುಗುವುದರೊಳಗೆ ಮಣ್ಣು, ಜಂತಿ, ತೊಲೆ ಎಲ್ಲ ಕೆಳಗಿಳಿದು ಚಂದ್ರವ್ವನ ನಡುಮನೆಗೂ ಆಕಾಶಕ್ಕೂ ನಡುವೆ ಏನೂ ಉಳಿಯಲಿಲ್ಲ.

“ನಾಡಿದ್ದ ಪತ್ರಾಸ ಹಾಕೇಬಿಡ್ತೀನ್ರಿ ಅವ್ವಾರ,” ಎಂದು ಹೋದ ಪ್ರಲ್ಹಾದ ಮತ್ತೆ ಬರಲಿಲ್ಲ.

ಪತ್ರಾಸು, ಪೈಪು ಅಂಗಳದಲ್ಲಿ ಬಿದ್ದುಕೊಂಡಿದ್ದವು. ಫೋನು ಮಾಡಿದರೆ ಅವನು ಪ್ರತಿ ಸಲವೂ ಎತ್ತುತ್ತಿದ್ದ. ಇದು ಅವನ ವಿಶೇಷ. ಬೇರೆ ಗೌಂಡಿಗಳಂತೆ ಫೋನು ಆರಿಸಿಡುವವನಲ್ಲ. “ಹಾದ್ಯಾಗ ಅದೀನ್ರಿ ಅವ್ವಾರ,” ಎನ್ನುತ್ತಿದ್ದ. ಎಷ್ಟು ಪ್ರೀತಿಯಿಂದ ಎನ್ನುತ್ತಿದ್ದನೆಂದರೆ, ಚಂದ್ರವ್ವ ಒಲೆಯ ಮೇಲೆ ಚಹಾ ಇಡುತ್ತಿದ್ದಳು. ಚಹಾ ಆರಿ ತಣ್ಣಗಾಗುತ್ತಿತ್ತು.

ಆಕೆ ನೇಯುವುದನ್ನಂತೂ ನಿಲ್ಲಿಸಲಿಲ್ಲ. ತಾಡಪತ್ರಿ ಸರಿಸಿ, ಮಗ್ಗದ ಕಂಬಕ್ಕೆ ಕೊಡೆ ಕಟ್ಟಿಕೊಂಡು, ಬಯಲಲ್ಲಿ ಕೂತು ಲಾಳಿ ಒಗೆಯುತ್ತಿದ್ದಳು. ಓಣಿಗೆ ಇದೊಂದು ಜಾತ್ರೆಯಾಯಿತು. ಅಕ್ಕಪಕ್ಕದ ಹೆಂಗಸರು ತಮ್ಮ ಮಾಳಿಗೆಯ ಅಂಚಿಗೆ ಬಂದು ಬಗ್ಗಿ, “ಚಂದ್ರವ್ವಾ, ಅಂಚು ಇನ್ನಷ್ಟು ದಪ್ಪ ಬೇಕಾಗಿತ್ತು ನೋಡು,” ಎಂದು ಮೇಲಿನಿಂದ ಸಲಹೆ ಕೊಡತೊಡಗಿದರು. ಒಬ್ಬಾಕೆ ಒಣಹಾಕಿದ ಹಪ್ಪಳ ಗಾಳಿಗೆ ಹಾರಿ ಕುಣಿಯೊಳಗೆ ಬಂದು ಬಿತ್ತು. ಚಂದ್ರವ್ವ ಅದನ್ನು ಮರಳಿ ಕೊಡಲಿಲ್ಲ.

ಬೇರೆ ಗೌಂಡಿಯನ್ನು ಕರೆಯಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಕರೆದಳು. ಬಂದವರೆಲ್ಲ ಮೇಲೆ ನೋಡಿ, ಯಾರು ಒಡೆದದ್ದು ಎಂದು ಕೇಳಿ, ಹೆಸರು ಗೊತ್ತಾದ ಮೇಲೆ ಚಪ್ಪಲಿ ಮೆಟ್ಟಿಕೊಂಡರು. ಇವರಲ್ಲಿ ಒಂದು ಕಟ್ಟಳೆಯಿದೆ. ಒಬ್ಬ ಗೌಂಡಿ ಕಾಯಿ ಒಡೆದು ಕೈ ಹಚ್ಚಿದ ಮನೆಯನ್ನು, ಅವನು ತಾನಾಗಿ ಬಿಟ್ಟೆನೆಂದು ಹೇಳುವತನಕ ಇನ್ನೊಬ್ಬ ಮುಟ್ಟುವುದಿಲ್ಲ. ಪ್ರಲ್ಹಾದ ಎಲ್ಲಕ್ಕಿಂತ ಮೊದಲು ಒಡೆಯುವ ಕೆಲಸ ಮುಗಿಸುವುದರ ಅರ್ಥ ಈಗ ತಿಳಿಯಿತು. ಒಡೆದ ಮನೆ ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಅರ್ಥವನ್ನು ಮುತ್ತುರಾಜ ಮುದ್ರಣಾಲಯದಿಂದ ತಂದ. “ಯವ್ವಾ, ಅಂವ ನಮ್ಮವನ ಅಂತ. ಆಚೆ ಓಣಿ ನೇಕಾರರ ಮಗ. ಸಣ್ಣಾಂವ ಇದ್ದಾಗಿಂದ ಅವರವ್ವ ಅವನ್ನ ಸಿಕ್ಕು ಬಿಡಸಾಕ ಕುಂಡ್ರಸ್ತಿದ್ಲಂತ. ಅದೊಂದ ಕೆಲಸ ಅವಗ ಛಲೋ ಬರತೈತಂತ.”

ಚಂದ್ರವ್ವ ಲಾಳಿಯನ್ನು ಬದಿಗಿಟ್ಟಳು. ಪೂಜಾರಿಯ ಮಗನಿಗೆ ಗಂಟೆ ಬಾರಿಸಲು ಬರುತ್ತದೆಯೇ ಎಂದು ಪರೀಕ್ಷೆ ಮಾಡಿದಂತಾಗಿತ್ತು. ಆಮೇಲೆ ಎದ್ದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಆಧಾರ ಕಾರ್ಡನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡಳು. ಮೋಡ ಕಪ್ಪತಗುಡ್ಡದ ಕಡೆ ದಿನವೂ ಕಟ್ಟಿ ಕರಗುತ್ತಿತ್ತು. ಒಂದು ದಿನ ಕರಗುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು.

“ಎಲ್ಲಿಗಿ?” ಎಂದ ಮಗ.

“ಅಂವ ಹಾದ್ಯಾಗ ಅದಾನಂತಲ್ಲ. ಹಾದಿ ನೋಡಕೊಂಡು ಬರ್ತೀನಿ.”

ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಕಾಲ ಇದು. ಇಲ್ಲದಿದ್ದರೆ ಈ ಬೇಟೆ ನಡೆಯುತ್ತಿರಲಿಲ್ಲ.

ಹಿಂದಿನ ದಿನ ಫೋನಿನಲ್ಲಿ ಅವನ ಬಾಯಿಂದ ಲಕ್ಷ್ಮೇಶ್ವರದ ಹೆಸರು ಜಾರಿತ್ತು. ಆಕೆ ಲಕ್ಷ್ಮೇಶ್ವರದಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹತ್ತಿರದ ಸಿಮೆಂಟ್ ಅಂಗಡಿಯಲ್ಲಿ ವಿಚಾರಿಸಿದಳು. ಅಂಗಡಿಯವನು ಪ್ರಲ್ಹಾದನ ಹೆಸರು ಕೇಳುತ್ತಲೇ ನಕ್ಕ. “ಮುಂದ ಹೋಗ್ರಿ ಅವ್ವಾರ, ಗ್ವಾಡಿ ಇಲ್ಲದ ಮನಿ ಯಾವುದು ಅಂತ ಕೇಳ್ರಿ. ಹುಡುಗ್ರೂ ತೋರಸ್ತಾರ.”

ಅದು ಬಳೆ ಮಾರುವ ಜೈಬುನ್ನೀಸಾಳ ಮನೆ. ಅಡುಗೆಮನೆಯ ಒಂದು ಗೋಡೆ ಪೂರ್ತಿ ಇರಲಿಲ್ಲ. ಒಲೆಯ ಮುಂದೆ ಆಕೆ, ಆಕೆಯ ಮುಂದೆ ರಸ್ತೆ. ಹೋಗುವವರು ಬರುವವರು ಸೈಕಲ್ ನಿಲ್ಲಿಸಿ, ಇವತ್ತೇನು ಪಲ್ಲೆ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಜೈಬುನ್ನೀಸಾ ಸೌಟು ಎತ್ತಿ ಚಂದ್ರವ್ವನನ್ನು ನೋಡಿದಳು.

“ಗೌಂಡಿ ಹುಡುಕ್ಕೊಂಡು ಬಂದೀರೇನ್ರಿ ಅಕ್ಕಾ?”

“ನಿನಗ ಹೆಂಗ ಗೊತ್ತಾತವ್ವ?”

“ಮಾರಿ ನೋಡಿದ್ರ ತಿಳೀತೈತಿ. ನನ್ನ ಮಾರೀನೂ ಹಿಂಗ ಆಗೇತಿ.”

ಎರಡು ಬಟ್ಟಲು ಚಹಾ ಮುಗಿಯುವುದರೊಳಗೆ ಇಬ್ಬರಿಗೂ ಒಂದೇ ಗೌಂಡಿ, ಒಂದೇ ಕಾಯಿ, ಒಂದೇ ಪೇಢೆ, ಒಂದೇ ಮಾತು ಎಂಬುದು ಖಚಿತವಾಯಿತು. ನಡುವೆ ಒಬ್ಬ ದಾರಿಹೋಕ ಬಂದು, “ಉಪ್ಪು ಬರೋಬ್ಬರಿ ಐತೇನವಾ ಇವತ್ತ?” ಎಂದು ಕೇಳಿದ. ಜೈಬುನ್ನೀಸಾ ಅವನ ಅಂಗೈಗೆ ಒಂದು ಹನಿ ಸಾರು ಹಾಕಿದಳು. ಅವನು ನೆಕ್ಕಿ, ತಲೆಯಾಡಿಸಿ ಹೋದ.

“ದಿನಾ ಬರ್ತಾನೇನ?”

“ದಿನಾ. ನಮ್ಮ ಯಜಮಾನ್ರು ಉಪ್ಪು ಕಡಿಮಿ ಅಂದ್ರ, ಆಂವ ಬರೋಬ್ಬರಿ ಐತಿ ಅಂದಾನ ಅಂತೀನಿ.” ಜೈಬುನ್ನೀಸಾ ಒಲೆ ಆರಿಸಿ, ಬಳೆಯ ಬುಟ್ಟಿ ಪಕ್ಕದ ಮನೆಗೆ ಒಪ್ಪಿಸಿ, ಬುರ್ಖಾ ಹಾಕಿಕೊಂಡಳು. “ಶಿರಹಟ್ಟಿಗಿ ನಡೀರಿ. ಖಾಸಿಂಸಾಬ ಚಾಚಾರ ಬಚ್ಚಲಾನೂ ಇಂವನ ಒಡದಾನಂತ ಖಬರ ಐತಿ.”

ಖಬರು ನಿಜವಾಗಿತ್ತು. ಖಾಸಿಂಸಾಬ ಶಿರಹಟ್ಟಿಯ ದರ್ಜಿ, ಎಪ್ಪತ್ತು ದಾಟಿದವರು. ನೆಲಕ್ಕೆ ಹೊಸ ಫರಸಿ ಕಲ್ಲು ಹಾಸುತ್ತೇನೆಂದು ಪ್ರಲ್ಹಾದ ಅವರ ಬಚ್ಚಲುಮನೆಯನ್ನು ಬಯಲು ಮಾಡಿ ಹೋಗಿದ್ದ. ಅಂದಿನಿಂದ ಅವರು ಬೆಳಿಗ್ಗೆ ಎದ್ದು, ಬಕೇಟು, ಟವೆಲ್ಲು ಹಿಡಿದು, ಊರ ಇನ್ನೊಂದು ತುದಿಯಲ್ಲಿರುವ ಅಳಿಯನ ಮನೆಗೆ ಸ್ನಾನಕ್ಕೆ ಹೋಗುತ್ತಿದ್ದರು.

“ಮಗಳ ಲಗ್ನಾದಾಗ ಅಳಿಯಾಗ ನಾ ಎಷ್ಟು ಬುದ್ಧಿ ಹೇಳೀನಿ ತಂಗೆವ್ವ,” ಎಂದರು ಅವರು ಚಂದ್ರವ್ವನಿಗೆ. “ಎಲ್ಲಾ ಈಗ ತಿರಗಿ ಹೇಳಾಕತ್ತಾನ. ನಾ ಸಾಬಾಣ ಹಚ್ಚಿಕೊಂಡಾಗ ಬಾಗಲಾ ಹೊರಗ ನಿಂತು ಹೇಳ್ತಾನ. ಓಡಾಕ ಬರೂದಿಲ್ಲ.”

ಆದರೆ ಅವರಲ್ಲಿ ಒಂದು ಸುಳಿವಿತ್ತು. ಅಂದು ನಸುಕಿನಲ್ಲಿ ಪ್ರಲ್ಹಾದ ಟೆಂಪೋ ತಂದು, ಅವರ ಬಿದಿರಿನ ನಿಚ್ಚಣಿಕೆಯನ್ನು ಎರವಲು ಒಯ್ದಿದ್ದ. ಡೋಣಿ ಎಂಬ ಊರಲ್ಲಿ ಒಡೆಯುವ ಒಂದು ಮಾಳಿಗೆ ಇದೆಯಂತೆ.

“ನಿಮ್ಮ ಮನಿ ಒಡದಾಂವಗ ನೀವು ನಿಚ್ಚಣಿಕಿ ಕೊಟ್ರೆಲ್ಲ ಚಾಚಾ,” ಎಂದಳು ಜೈಬುನ್ನೀಸಾ.

“ಎಷ್ಟು ಚಂದ ಕೇಳಿದನವ್ವ. ನೀ ಇದ್ರೂ ಕೊಡ್ತಿದ್ದಿ.”

ಮೂವರೂ ಬಸ್ಸು ಹತ್ತಿದರು. ಕಂಡಕ್ಟರ್ ಬಂದಾಗ ಹೆಂಗಸರಿಬ್ಬರೂ ಆಧಾರ ಕಾರ್ಡು ತೋರಿಸಿದರು. ಖಾಸಿಂಸಾಬ ಜುಬ್ಬಾದ ಜೇಬಿಗೆ ಕೈಹಾಕಿ ಹುಡುಕಾಡುವುದನ್ನು ನೋಡಿ ಜೈಬುನ್ನೀಸಾ, “ನಮ್ಮದು ಸರಕಾರ ನೋಡ್ಕೋತೈತಿ ಚಾಚಾ. ನಿಮ್ಮದು ನೀವ ನೋಡ್ಕೋರಿ,” ಎಂದಳು. ಇಡೀ ಬಸ್ಸು ನಕ್ಕಿತು. ಗದಗಿನಲ್ಲಿ ಇಳಿದು ಮುಂಡರಗಿಯ ಬಸ್ಸು ಹಿಡಿದು ಅವರು ಡೋಣಿ ತಲುಪಿದಾಗ ಹೊತ್ತು ನೆತ್ತಿಯಿಂದ ವಾಲಿತ್ತು.

ಹುಡುಕುವ ತೊಂದರೆ ಇರಲಿಲ್ಲ. ಒಂದು ಮನೆಯ ಮುಂದೆ ರಂಗೋಲಿ ಹಾಕಿತ್ತು. ಅಂಗಳದಲ್ಲಿ ಒಡೆದ ಕಾಯಿ. ಮನೆಯೊಡತಿ ಫಕ್ಕೀರವ್ವ ಹೊಸ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು, ಮಾಳಿಗೆಯ ಕಡೆ ಮುಖವೆತ್ತಿ ನಿಂತಿದ್ದಳು. ಮಾಳಿಗೆಯ ಮೇಲೆ ಪ್ರಲ್ಹಾದ, ಈ ಕಡೆ ಬೆನ್ನು ಮಾಡಿ, ಹಾರೆ ಎತ್ತಿ ಹಿಡಿದಿದ್ದ. ಮೊದಲ ಪೆಟ್ಟು ಬೀಳುವುದಷ್ಟೇ ಬಾಕಿ.

ಚಂದ್ರವ್ವ ಕೂಗಲು ಬಾಯಿ ತೆರೆದಳು. ಜೈಬುನ್ನೀಸಾ ಆಕೆಯ ಕೈಯನ್ನು ಅದುಮಿ, ತನ್ನ ಫೋನು ತೆಗೆದು ಗುಂಡಿ ಒತ್ತಿದಳು. ಮೇಲೆ ಪ್ರಲ್ಹಾದನ ಜೇಬಿನಲ್ಲಿ ಗಂಟೆ ಹೊಡೆಯಿತು. ಅವನು ಹಾರೆ ಊರಿ, ಫೋನು ಕಿವಿಗಿಟ್ಟ.

“ಹಾದ್ಯಾಗ ಅದೀನ್ರಿ ಅಕ್ಕಾರ. ಇನ್ನೇನ್ ಬಂದ್ಬಿಟ್ಟೆ.”

“ಬಾರಪ್ಪ, ಬಾ,” ಎಂದಳು ಜೈಬುನ್ನೀಸಾ. “ತೆಳಗ ನಿಂತೀವಿ.”

ಅವನು ತಿರುಗಿದ. ಮೂರು ಊರಿನ ಮೂರು ಮುಖಗಳನ್ನು ಒಟ್ಟಿಗೆ ನೋಡಿ, ಫೋನು ಕಿವಿಯಲ್ಲೇ ಇಟ್ಟುಕೊಂಡು, ಹಾಗೆಯೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಅಷ್ಟರಲ್ಲಿ ಖಾಸಿಂಸಾಬ ಗೋಡೆಗಾನಿಸಿದ್ದ ನಿಚ್ಚಣಿಕೆಯ ಹತ್ತಿರ ಹೋಗಿದ್ದರು. ಅದನ್ನು ಮೆಲ್ಲಗೆ ಜಗ್ಗಿ, ಅಂಗಳದಲ್ಲಿ ಮಲಗಿಸಿ, ಅದರ ಮೇಲೆ ತಾವು ಕೂತರು.

“ಚಾಚಾ, ನಿಚ್ಚಣಿಕಿ,” ಎಂದ ಪ್ರಲ್ಹಾದ.

“ನಂದ ಐತಿ ಬಿಡಪ್ಪ. ನೆನಪೈತಿ.”

ಹೀಗೆ ಮಾತುಕತೆ ಶುರುವಾಯಿತು. ಮೇಲೆ ಒಬ್ಬ, ಕೆಳಗೆ ನಾಲ್ವರು. ಡೋಣಿಯ ಅರ್ಧ ಊರು ಬೇಲಿಯ ಮೇಲೆ. ಚಂದ್ರವ್ವ ಬೈಯಲಿಲ್ಲ. ಆಕೆಯ ಕುತ್ತಿಗೆ ಮೇಲೆ ನೋಡಿ ನೋಡಿ ಆಗಲೇ ಪಳಗಿತ್ತು.

“ಯಾಕ ಹಿಂಗ ಮಾಡ್ತೀಯೋ ಪ್ರಲ್ಹಾದಾ? ಮೋಸಗಾರನಂಗ ಕಾಣೂದಿಲ್ಲ ನೀ.”

“ಮೋಸ ಅಲ್ರಿ ಅವ್ವಾರ. ನನಗ ಒಲ್ಲೆ ಅನ್ನಾಕ ಬರೂದಿಲ್ರಿ. ಯಾರರ ಕರದ್ರ, ಅಯ್ಯೋ ಕರದಾರಲ್ಲ ಅಂತ ಹೋಗ್ತೀನಿ. ಕಾಯಿ ಒಡದ ಕೂಡ್ಲೇ ಎಲ್ಲಾರೂ ಎಷ್ಟು ಖುಷಿ ಆಗ್ತಾರ ನೋಡ್ರಿ. ಫಕ್ಕೀರವ್ವಾರ್ನ ನೋಡ್ರಿ, ಹೊಸಾ ಸೀರಿ ಉಟ್ಟಾರ.”

“ಆಮ್ಯಾಲ?”

“ಆಮ್ಯಾಲ ಇನ್ನೊಬ್ರು ಕರೀತಾರ್ರಿ.”

“ಹಂಗಾರ ನಮ್ಮ ಮೂರೂ ಮನಿ ಬಿಟ್ಟೆ ಅಂತ ಹೇಳು. ಬ್ಯಾರೆಯವರು ಬಂದು ಮಾಡ್ತಾರ.”

ಪ್ರಲ್ಹಾದನ ಮುಖ ಮೊದಲ ಬಾರಿ ಕಪ್ಪಿಟ್ಟಿತು. “ಬ್ಯಾಡ್ರಿ ಅವ್ವಾರ. ಕೈ ಹಚ್ಚಿ ಬಿಟ್ಟಾಂವ ಅಂತ ಹೆಸರಾದ್ರ ಈ ಕಡೆ ಯಾವ ಗೌಂಡಿನೂ ನನ್ನ ಜೋಡಿ ಚಹಾ ಕುಡಿಯೂದಿಲ್ಲ. ಅದಕ್ಕಿಂತ ಇಲ್ಲಿಂದ ಹಾರತೀನಿ.”

“ಹಾರಬ್ಯಾಡಪ್ಪ,” ಎಂದರು ಖಾಸಿಂಸಾಬ. “ಕಾಲು ಮುರದ್ರ ನನ್ನ ಬಚ್ಚಲ ಯಾರು ಕಟ್ಟಬೇಕು?”

ದಾರಿ ಹುಡುಕಿದವಳು ಜೈಬುನ್ನೀಸಾ. ಊರಲ್ಲಿ ನಲ್ಲಿ ನೀರು ಪಾಳಿಯ ಮೇಲೆ ಬರುತ್ತದೆ. ಒಂದು ಓಣಿಗೆ ಬಂದಾಗ ಇನ್ನೊಂದು ಓಣಿ ಕಾಯುತ್ತದೆ. ಗೌಂಡಿಯೂ ಹಾಗೆಯೇ ಬರಲಿ ಎಂದಳು. ಒಬ್ಬರ ಮನೆ ಪೂರ್ತಿ ಮುಗಿಯುವವರೆಗೆ ಅವನು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಮುಗಿದ ದಿನ ಆ ಮನೆಯವರು ಅವನನ್ನು ಬಸ್ಸು ಹತ್ತಿಸಿ, ಮುಂದಿನ ಮನೆಯವರ ಕೈಗೊಪ್ಪಿಸಿ ಬರಬೇಕು. ನಡುವೆ ಒಂದು ಗಳಿಗೆಯೂ ಅವನು ಒಬ್ಬನೇ ಇರಕೂಡದು.

ಮೊದಲ ಪಾಳಿ ಯಾರದು ಎಂಬಲ್ಲಿ ಮಾತು ನಿಂತಿತು. ಚಂದ್ರವ್ವ ಕೇಳಲಿಲ್ಲ. ಕೇಳುವ ಸ್ವಭಾವ ಆಕೆಯದಲ್ಲ. ಕಪ್ಪತಗುಡ್ಡದ ಮೇಲೆ ಕಟ್ಟುತ್ತಿದ್ದ ಮೋಡದ ಕಡೆ ನೋಡುತ್ತ ನಿಂತಳು. ಮೋಡ ಆ ದಿನ ಮಾಮೂಲಿಗಿಂತ ಹತ್ತಿರವಿತ್ತು.

“ಮಳಿ ಬಂದ್ರ ನಾ ಒಲಿ ಒಳಗ ತಗೋತೀನಿ,” ಎಂದಳು ಜೈಬುನ್ನೀಸಾ. “ಚಾಚಾ ಮಳ್ಯಾಗ ಜಳಕಾ ಮಾಡ್ತಾರ, ಅಳಿಯನ ಕಾಟ ತಪ್ಪತೈತಿ. ಅಕ್ಕಾರ ಮಗ್ಗ ಎಲ್ಲಿ ಹೋಗಬೇಕು? ಮೊದಲ ಪಾಳಿ ಅಕ್ಕಾಂದು. ಎರಡನೇದು ನಂದು, ಮೂರನೇದು ಚಾಚಾರದು.”

ಆಗ ಫಕ್ಕೀರವ್ವ ಆರತಿ ತಟ್ಟೆಯನ್ನು ಟಪ್ಪನೆ ಕಟ್ಟೆಯ ಮೇಲಿಟ್ಟಳು. “ಮತ್ತ ನಂದು? ನಾ ಕಾಯಿ ಒಡಸೀನಿ. ಮಂದಿನ್ನ ಕರದೀನಿ. ಮನಿ ಒಡೀಲಿಲ್ಲಂದ್ರ ನಾಳೆ ಎಲ್ಲಾರೂ ನಗ್ತಾರ.”

“ಒಡೀಲಿಲ್ಲಲ್ಲ, ಅದ ನಿನ್ನ ಪುಣ್ಯ ತಿಳಕೊ,” ಎಂದಳು ಚಂದ್ರವ್ವ.

“ಪುಣ್ಯ ನೀವ ಇಟಗೋರಿ. ನಾಕನೇ ಪಾಳಿ ನಂದು. ಅಲ್ಲೀ ತನಕಾ ನಿಚ್ಚಣಿಕಿ ನಮ್ಮನ್ಯಾಗ ಇರತೈತಿ.” ಅವಳು ನಿಚ್ಚಣಿಕೆಯ ಇನ್ನೊಂದು ತುದಿಯ ಮೇಲೆ ಕೂತಳು. ಖಾಸಿಂಸಾಬ ತಮ್ಮ ನಿಚ್ಚಣಿಕೆಯ ಮೇಲೆ ಎರಡನೆಯ ಸಲ ಹಕ್ಕು ಕಳೆದುಕೊಂಡರು. ಪ್ರಲ್ಹಾದ ಇಳಿಯುವುದಕ್ಕೆ ಮಾತ್ರ ಅದನ್ನು ಒಮ್ಮೆ ಎತ್ತಿ ನಿಲ್ಲಿಸಿದರು.

ಬಸ್ಸಿನಲ್ಲಿ ಹೆಂಗಸರಿಬ್ಬರೂ ಅವನನ್ನು ನಡುವೆ ಕೂರಿಸಿಕೊಂಡರು. “ನಾನೇನು ಓಡಿ ಹೋಗ್ತೀನೇನ್ರಿ?” ಎಂದ ಅವನು. “ಕರದ್ರ ಹೋಗ್ತಿ,” ಎಂದಳು ಚಂದ್ರವ್ವ. ಕಂಡಕ್ಟರ್ ಅವನನ್ನೂ ಅವರನ್ನೂ ನೋಡಿ, “ಹೆಣ್ಣು ನೋಡಾಕ ಹೊಂಟೀರೇನ್ರಿ?” ಎಂದು ಕೇಳಿದ. “ನೋಡೂದು ಆತು. ಮನಿ ತುಂಬಿಸ್ಕೊಳ್ಳಾಕ ಕರಕೊಂಡು ಹೊಂಟೀವಿ,” ಎಂದಳು ಜೈಬುನ್ನೀಸಾ.

ಖಾಸಿಂಸಾಬ ಗದಗಿನಲ್ಲಿ ಇಳಿದು ಶಿರಹಟ್ಟಿಯ ಬಸ್ಸು ಹಿಡಿದರು. ಜೈಬುನ್ನೀಸಾ ಕಾವಲಿಗೆಂದು ಬೆಟಗೇರಿಯಲ್ಲೇ ಉಳಿದಳು. ಬಳೆಯ ಬುಟ್ಟಿ ಮರುದಿನ ಬಸ್ಸಿನಲ್ಲಿ ಬಂತು. ಓಣಿಯ ಹೆಂಗಸರೆಲ್ಲ ಪ್ರಲ್ಹಾದನನ್ನು ನೋಡಲು ಬಂದು ಬಳೆ ಇಡಿಸಿಕೊಂಡು ಹೋದರು. ಅವನ ಫೋನು ಅವಳ ವಶದಲ್ಲಿತ್ತು. ಅದು ರಿಂಗಾದಾಗಲೆಲ್ಲ ಅವಳೇ ಎತ್ತಿ, “ಹಾದ್ಯಾಗ ಇಲ್ರಿ, ಕೆಲಸದಾಗ ಅದಾನ,” ಎಂದು ಇಟ್ಟುಬಿಡುತ್ತಿದ್ದಳು. ಅತ್ತ ಕಡೆಯವರು ತಪ್ಪಾದ ನಂಬರು ಎಂದುಕೊಂಡಿರಬೇಕು.

ಪ್ರಲ್ಹಾದ ಕೆಲಸಗೇಡಿಯಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಗೋಡೆಯ ತಲೆಯನ್ನು ಸಮ ಮಾಡಿದ, ಪೈಪು ಕೂರಿಸಿದ, ನೀರು ಹರಿಯುವ ಇಳಿಜಾರನ್ನು ನೋಡಿ ನೋಡಿ ಹೊಂದಿಸಿದ. ಮೇಲೆ ಅವನು, ಕೆಳಗೆ ಕುಣಿಯಲ್ಲಿ ಚಂದ್ರವ್ವ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಸುತ್ತಿಗೆಯ ಸದ್ದು ನಿಂತರೆ ಆಕೆ ಲಾಳಿ ನಿಲ್ಲಿಸುತ್ತಿದ್ದಳು.

“ಎಲ್ಲಿ ಅದೀಯೋ?”

“ಇಲ್ಲೇ ಅದೀನ್ರಿ, ಮೊಳಿ ಹುಡುಕಾಕತ್ತೀನಿ.”

“ಬಡದಕೊಂತ ಹುಡುಕು.”

ಅವನು ಒಂದು ಕೈಯಲ್ಲಿ ಪೈಪನ್ನು ಬಡಿಯುತ್ತ ಇನ್ನೊಂದು ಕೈಯಿಂದ ಮೊಳೆ ಹುಡುಕುತ್ತಿದ್ದ. ಓಣಿ ಬಿದ್ದು ಬಿದ್ದು ನಗುತ್ತಿತ್ತು. ಮೊದಲೆರಡು ದಿನ ಮುತ್ತುರಾಜ ಇದನ್ನು ಕಂಡು ನಾಚಿಕೊಂಡ. ಆಮೇಲೆ ರಜೆ ಹಾಕಿ ಪತ್ರಾಸು ಎತ್ತಿಕೊಡಲು ನಿಂತ.

ಮೋಡ ಕರಗದ ದಿನ ಬಂತು. ಮಧ್ಯಾಹ್ನದಿಂದಲೇ ಗಾಳಿ ಎದ್ದು ಓಣಿಯ ತುಂಬ ಧೂಳು. ಪತ್ರಾಸಿನ ಸಾಲುಗಳಲ್ಲಿ ಹೆಚ್ಚಿನವು ಕೂತಾಗಿತ್ತು. ಉಳಿದದ್ದು ಸರಿಯಾಗಿ ಮಗ್ಗದ ನೆತ್ತಿಯ ಮೇಲಿನದು. ಚಂದ್ರವ್ವ ಕುಣಿಯಿಂದ ಎದ್ದು ಹಾಸಿನ ಮೇಲೆ ಕೌದಿ ಎಳೆಯುತ್ತಿದ್ದಳು. ತಾಡಪತ್ರಿ ಗಾಳಿಗೆ ಕೈಯಿಂದ ಕಿತ್ತುಕೊಂಡು ಪಕ್ಕದ ಮನೆಯ ಮಾಳಿಗೆ ಸೇರಿತು. ಹನಿ ಒಂದೊಂದಾಗಿ ಬೀಳತೊಡಗಿದವು, ದಪ್ಪ ಹನಿಗಳು.

ಆಗ ಪ್ರಲ್ಹಾದನ ಫೋನು ರಿಂಗಾಯಿತು. ಜೈಬುನ್ನೀಸಾ ಎತ್ತಿದಳು. ಮುಂಡರಗಿಯಿಂದ ಯಾರೋ. ದೊಡ್ಡ ಮನೆ, ಎರಡು ಅಂತಸ್ತು, ನಾಳೆ ಮುಂಜಾನೆಯೇ ಒಳ್ಳೆಯ ಮುಹೂರ್ತವಂತೆ, ಊಟಕ್ಕೆ ಹೋಳಿಗೆಯಂತೆ. ಇಲ್ಲ ಎಂದರೂ ಆ ಮನುಷ್ಯ ಬಿಡಲೊಲ್ಲ. ಅವನ ದೊಡ್ಡ ಗಂಟಲು ಫೋನಿನಿಂದ ಮೇಲಿನವರೆಗೂ ಕೇಳಿಸುತ್ತಿತ್ತು. ಪ್ರಲ್ಹಾದನ ಸುತ್ತಿಗೆ ನಿಂತಿತು.

“ಒಡಿಯೂ ಕೆಲಸ ಐತೇನಂತ್ರಿ ಅಕ್ಕಾರ?” ಎಂದ ಮೇಲಿನಿಂದ. ಅವನ ಮುಖದ ಮೇಲೆ ಮೆಲ್ಲಗೆ ಆ ನಗು ಹಬ್ಬುತ್ತಿತ್ತು.

ಜೈಬುನ್ನೀಸಾ ಚಂದ್ರವ್ವನನ್ನು ನೋಡಿದಳು. ಚಂದ್ರವ್ವ ಕೌದಿಯ ಮೇಲೆ ತನ್ನ ಮೈಯನ್ನೇ ಅಡ್ಡ ಹಾಕಿಕೊಂಡು ಬಗ್ಗಿದ್ದಳು. ಬೆನ್ನ ಮೇಲೆ ಹನಿ ಬಿದ್ದ ಕಡೆಯೆಲ್ಲ ಕುಪ್ಪಸ ಕಪ್ಪಾಗುತ್ತಿತ್ತು. ಜೈಬುನ್ನೀಸಾ ಪಕ್ಕದ ಮನೆಯಿಂದ ತಂದಿಟ್ಟಿದ್ದ ನಿಚ್ಚಣಿಕೆಯ ಅರ್ಧ ಏರಿ, ಫೋನನ್ನು ಅವನ ಕೈಗೇ ಕೊಟ್ಟಳು.

“ನಾ ಎಷ್ಟಂತ ಹೇಳಲಿ? ನೀನ ಹೇಳು.”

ಓಣಿಯ ಹೆಂಗಸರು ತಮ್ಮ ಮಾಳಿಗೆಗಳ ಮೇಲೆ ಹಪ್ಪಳ, ಬಟ್ಟೆ ಎತ್ತುವುದನ್ನು ಬಿಟ್ಟು ಈ ಕಡೆ ತಿರುಗಿ ನಿಂತರು. ಪ್ರಲ್ಹಾದ ಫೋನು ಕಿವಿಗಿಟ್ಟ. “ನಮಸ್ಕಾರ್ರೀ ಸಾಹೇಬ್ರ,” ಎಂದ. “ಹೌದ್ರಿ,” ಎಂದ. “ಹೋಳಿಗಿ ಅಂದ್ರ ನನಗ ಭಾಳ ಇಷ್ಟರಿ,” ಎಂದ. ಕೆಳಗೆ ಬಗ್ಗಿದ ಬೆನ್ನನ್ನು ಒಮ್ಮೆ ನೋಡಿದ. ಹುಳಿ ಮಾವಿನಕಾಯಿ ಕಚ್ಚಿದವನಂತೆ ಮುಖ ಮಾಡಿ, ಕಣ್ಣು ಮುಚ್ಚಿ, “ಒಲ್ಲೆರಿ,” ಎಂದ.

ಅತ್ತ ಕಡೆಯವನು ಏನೋ ಕೇಳಿದ.

“ಒಲ್ಲೆ ಅಂದ್ನಿರಿ,” ಎಂದ ಪ್ರಲ್ಹಾದ, ಈ ಸಲ ಕಣ್ಣು ತೆರೆದು. ಬಾಯಿಂದ ಹೊರಬಿದ್ದ ಮಾತು ಅವನಿಗೆ ರುಚಿಸಿತೆಂದು ಕಾಣುತ್ತದೆ. “ಕೈಯಾಗ ಕೆಲಸ ಐತಿ. ಬರೂದಿಲ್ಲ. ಬ್ಯಾರೆಯವರನ್ನ ನೋಡ್ಕೋರಿ.” ಫೋನನ್ನು ಜೈಬುನ್ನೀಸಾಳ ಕೈಗೆ ಒಗೆದು, “ಮುತ್ತುರಾಜಾ, ಕೊಡಲೇ ಪತ್ರಾಸ,” ಎಂದು ಕೂಗಿದ.

ಮುತ್ತುರಾಜ ಎತ್ತಿಕೊಟ್ಟ. ಪಕ್ಕದ ಮನೆಯ ಗಂಡಸರಿಬ್ಬರು ಗೋಡೆ ಜಿಗಿದು ಬಂದು ಗಾಳಿಗೆ ಹಾರದಂತೆ ಶೀಟಿನ ಅಂಚು ಹಿಡಿದರು. ಪ್ರಲ್ಹಾದ ಅದರ ಮೇಲೆ ಬೋರಲು ಮಲಗಿ ಬೋಲ್ಟು ತಿರುವಿದ. ಚಂದ್ರವ್ವನ ಮೇಲಿದ್ದ ಆಕಾಶ ಬಾಗಿಲಿನಷ್ಟಾಯಿತು, ಕಿಟಕಿಯಷ್ಟಾಯಿತು, ಒಂದು ಗೆರೆಯಾಯಿತು, ಮುಚ್ಚಿಕೊಂಡಿತು. ಕೊನೆಯ ಬೋಲ್ಟು ಬಿಗಿಯುತ್ತಿದ್ದಾಗಲೇ ಮಳೆ ಇಡಿಯಾಗಿ ಇಳಿಯಿತು.

ಪ್ರಲ್ಹಾದ ತೊಯ್ದು ತೊಪ್ಪೆಯಾಗಿ ಇಳಿದು ಬಂದ. ಓಣಿಯ ಅರ್ಧ ಜನ ಮಳೆಗೆ ಸಿಕ್ಕವರಂತೆ ನಟಿಸುತ್ತ ನಡುಮನೆಗೆ ನುಗ್ಗಿದ್ದರು. ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಬಾಯಿಗಳು ಆಡುತ್ತಿದ್ದವು, ಕೈಗಳು ತೋರಿಸುತ್ತಿದ್ದವು, ಜೈಬುನ್ನೀಸಾ ಬುಟ್ಟಿಯನ್ನು ಎದೆಗವಚಿಕೊಂಡು ನಗುತ್ತಿದ್ದಳು. ನಗುವೂ ಕೇಳಿಸುತ್ತಿರಲಿಲ್ಲ.

ಚಂದ್ರವ್ವ ಕೌದಿ ತೆಗೆದು ಬದಿಗಿಟ್ಟಳು. ಹಾಸಿನ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಒಂದು ಎಳೆಯೂ ತೊಯ್ದಿರಲಿಲ್ಲ. ಆಕೆ ಪ್ರಲ್ಹಾದನ ಕಡೆ ತಿರುಗಿ ಏನೋ ಹೇಳಿದಳು. ಹೊಗಳಿಕೆಯೇ ಇರಬೇಕು. ಆ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಪ್ರಲ್ಹಾದ ಕಿವಿಗೆ ಕೈಯಿಟ್ಟು, ಕೇಳಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಸನ್ನೆ ಮಾಡಿದ.

ಆಕೆ ಇನ್ನೊಮ್ಮೆ ಹೇಳಲಿಲ್ಲ. ಅವನಿಗೊಂದು ಒಣಗಿದ ಟವೆಲ್ಲು ಕೊಟ್ಟು, ಜೈಬುನ್ನೀಸಾಳ ಕಡೆ ಬೊಟ್ಟು ಮಾಡಿ ತೋರಿಸಿದಳು. ಜೈಬುನ್ನೀಸಾ ಆಗಲೇ ಬುರ್ಖಾ ಹಾಕಿಕೊಂಡು, ಮಳೆ ನಿಂತರೆ ಸಾಕು ಎಂದು ಹೊಸ್ತಿಲಲ್ಲಿ ನಿಂತಿದ್ದಳು. ಲಕ್ಷ್ಮೇಶ್ವರದ ಬಸ್ಸಿಗೆ ಇನ್ನೂ ಹೊತ್ತಿತ್ತು.